ಕೆಂಪು ಬಿಡು

ನಮ್ಮ ನಾದಿನಿಗೆ ಕೆಲಸದ ಜಾಗದಲ್ಲಿ ಮೈಕಮ್ಮ ಎಂದು ಹೆಸರು. ಮನೆಯಲ್ಲಿ ಯಾರಾದರೂ ಹಾಗೆ ಕರೆದರೆ ಅವಳಿಗೆ ಕೋಪವೇನೂ ಬರುವುದಿಲ್ಲ, ಆದರೆ ಓಗೊಡುವುದೂ ಇಲ್ಲ. "ಮೈಕಮ್ಮ ಸಂಬಳದ ಹೊತ್ತಲ್ಲಿ ಮಾತ್ರ ಇರ್ತಾಳೆ. ಈಗ ನಾನು ನಾನೇ," ಅನ್ನುತ್ತಾಳೆ.

ಅವಳ ಕೆಲಸ ಮಾತಾಡುವುದು. ಊರಾಚೆ ರಾಕೆಟ್ಟಿನ ಪುಟ್ಟ ಎಂಜಿನ್ನುಗಳನ್ನು ನೆಲಕ್ಕೆ ಬಿಗಿದು, ಉರಿಸಿ ನೋಡುವ ಒಂದು ಕೇಂದ್ರವಿದೆ. ಅಲ್ಲಿ ತೊಟ್ಟಿಗಳಿಗೆ ಇಂಧನ ತುಂಬುವ ಕೋಣೆಗೆ ಹೋಗುವವರು ತಲೆಯಿಂದ ಕಾಲಿನವರೆಗೆ ದಪ್ಪ ರಬ್ಬರಿನ ಅಂಗಿ ತೊಟ್ಟು, ಮುಖಕ್ಕೆ ಗಾಜು ಮುಚ್ಚಿಕೊಂಡು ಹೋಗಬೇಕು. ಒಳಗೆ ಅವರಿಗೆ ಕೇಳಿಸುವುದು ಎರಡೇ: ತಮ್ಮ ಉಸಿರು ಮತ್ತು ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಬರುವ ನಮ್ಮ ನಾದಿನಿಯ ಧ್ವನಿ. ಎಂಜಿನಿಯರುಗಳು ಪಕ್ಕದ ಕಟ್ಟಡದಲ್ಲಿ ದಪ್ಪ ಗಾಜಿನ ಹಿಂದೆ ಕೂತು "ವಿ-ನಾಲ್ಕು, ಶೇಕಡ ಹತ್ತು" ಎಂದು ತಮ್ಮ ಲೆಕ್ಕದ ಭಾಷೆಯಲ್ಲಿ ಹೇಳುತ್ತಾರೆ. ಅದನ್ನು ಕೇಳಿ, ಮನುಷ್ಯರ ಮಾತಾಗಿ ಮಾಡಿ, ಮೈಕಿನ ಗುಂಡಿ ಒತ್ತಿ ಒಳಗಿನವರಿಗೆ ಮುಟ್ಟಿಸುವುದು ಇವಳ ಪಾಲಿನ ಕೆಲಸ.

ಆ ಧ್ವನಿ ಅವಳಿಗೆ ಬಂದದ್ದು ನಮ್ಮತ್ತೆಯಿಂದ. ಅತ್ತೆಗೆ ಕಿವಿ ಮಂದ. ಕೂಗಿದರೆ ಇನ್ನೂ ಕೇಳಿಸುವುದಿಲ್ಲ, "ಯಾಕೆ ಬೊಗಳ್ತೀಯ?" ಎಂದು ಬೈಗುಳ ಬೇರೆ. ಹಾಗಾಗಿ ಮಗಳು ಚಿಕ್ಕಂದಿನಿಂದ ಕೂಗದೆ, ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಇಟ್ಟ ಹಾಗೆ ಮಾತಾಡುವುದನ್ನು ಕಲಿತಳು. ಟೆಲಿಫೋನ್ ಆಪರೇಟರಾಗಿ ಸೇರಿದ್ದವಳನ್ನು ದೊಡ್ಡ ಎಂಜಿನಿಯರು ಒಂದು ದಿನ ಫೋನಿನಲ್ಲಿ ಕೇಳಿ, "ಈ ಹುಡುಗಿ ಯಾರು? ಗಂಟೆ ಹೊಡೆದ ಹಾಗೆ ಮಾತಾಡ್ತಾಳಲ್ಲ," ಎಂದು ಮೈಕಿನ ಮುಂದೆ ಕೂರಿಸಿದರು. ಹುಡುಗಿ ಎಂದದ್ದಕ್ಕೆ ಇವಳಿಗೆ ಒಳಗೊಳಗೇ ಹಿಗ್ಗು. ಆಗಲೇ ಅವಳ ಕೂದಲಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿ ಎಳೆ ಕಾಣಿಸುತ್ತಿತ್ತು.

ಆ ಕೋಣೆಗೆ ಬರುವ ದ್ರವಗಳು ಎರಡು. ಒಂದು ಇಂಧನ, ನೋಡಲು ನೀರು, ಮೂಗಿಗೆ ಹಳಸಿದ ಮೀನು. ಇನ್ನೊಂದು ಅದನ್ನು ಉರಿಸುವಂಥದ್ದು. ಗಾಳಿಗೆ ತೆರೆದರೆ ಕಂದುಗೆಂಪು ಆವಿಯಾಗಿ ಏಳುತ್ತದೆ. ಎರಡಕ್ಕೂ ಮೊಳದುದ್ದದ ಹೆಸರುಗಳಿವೆಯಂತೆ. ಕೆಲಸದವರ ಬಾಯಲ್ಲಿ ಒಂದು 'ಮೀನು', ಇನ್ನೊಂದು 'ಕೆಂಪು'. ಒಂಟಿಯಾಗಿದ್ದಾಗಲೂ ಇವು ಸಾಧುಗಳಲ್ಲ, ಉಸಿರಿಗೆ ಹೋದರೆ ಎರಡೂ ವಿಷ. ಆದರೆ ಒಂದಕ್ಕೊಂದು ತಾಗಿದರೆ ಮುಗಿಯಿತು, ಆ ಕ್ಷಣವೇ ಉರಿ. ಕಡ್ಡಿ ಗೀರುವುದು ಬೇಡ, ಕಿಡಿ ಬೇಡ. ಮೇಲೆ ಆಕಾಶದಲ್ಲಿ ಇದು ದೊಡ್ಡ ಗುಣ. ಎಂಜಿನ್ನು ಹೊತ್ತಿಸಬೇಕೆಂದರೆ ಎರಡು ಕವಾಟ ತೆರೆದರಾಯಿತು, ನಿಲ್ಲಿಸಬೇಕೆಂದರೆ ಮುಚ್ಚಿದರಾಯಿತು, ಮತ್ತೆ ಬೇಕೆಂದರೆ ಮತ್ತೆ ತೆರೆಯುವುದು. ಕೆಳಗೆ ನೆಲದ ಮೇಲೆ ಅದೇ ಗುಣಕ್ಕೆ ಹೆದರಿ ಎಲ್ಲರೂ ಬೆವರುತ್ತಾರೆ.

ಇಂಥ ಜೋಡಿಗೆ 'ಹೈಪರ್‌ಗೋಲಿಕ್' ಎಂದು ಹೆಸರು. ಕೇಂದ್ರದ ಮೊಗಸಾಲೆಯಲ್ಲಿ ಆಳೆತ್ತರದ ಹಲಗೆಯ ಮೇಲೆ ಬರೆದಿತ್ತು. ನೆಲ ಒರೆಸುವಾಕೆ ಅದನ್ನು ಓದಿದ್ದು 'ಹೈಪರ್ ಗೋಳು' ಎಂದು. "ಸರಿಯಾಗೇ ಬರ್ದಿದಾರೆ ಬಿಡ್ರಿ, ಇಲ್ಲಿ ದಿನಾ ಇದೇ ಗೋಳು," ಅಂದಳಂತೆ. ದೊಡ್ಡ ಎಂಜಿನಿಯರಿಗೆ ಅದು ಕೇಳಿಸಿ, ನಿಂತು, ನಕ್ಕು, ವಿವರಿಸಿದರು.

"ಹೈಪರ್ ಅಂದ್ರೆ ಮೀರಿದ್ದು. ಕೆಲಸ ಅನ್ನೋ ಒಂದು ಹಳೇ ಪದ, ಎಣ್ಣೆ ಅನ್ನೋ ಇನ್ನೊಂದು ಪದ, ಎರಡನ್ನೂ ಹಿಂಡಿ ಬಾಲಕ್ಕೆ ಸೇರಿಸಿದಾರೆ. ಯಾವುದೋ ಯುದ್ಧದ ಕಾಲದಲ್ಲಿ ಕಟ್ಟಿದ ಹೆಸರು. ನಮ್ಮ ಮಾತಲ್ಲಿ ಏನನ್ನೋಣ, ನೀವೇ ಹೇಳಿ."

"ಸ್ವಯಂಜ್ವಲನ," ಅಂದ ಗುಮಾಸ್ತ, ಕೈ ಎತ್ತಿ.

"ಅದು ತಾನೇ ಕೂತು ತಾನೇ ಉರಿಯೋದಾಯ್ತು. ಇಲ್ಲಿ ಇಬ್ಬರು ಬೇಕಲ್ಲ?"

"ಹಂಗಾದ್ರೆ ಗಂಡ-ಹೆಂಡ್ತಿ ಅನ್ನಿ," ಅಂದಳು ನೆಲ ಒರೆಸುವಾಕೆ, ಬಕೆಟ್ಟು ಎತ್ತಿಕೊಂಡು.

ಕೊನೆಗೆ ಹೆಸರು ತಾನಾಗಿಯೇ ಬಂತು. ಪ್ರತಿ ಸಲ ಕವಾಟದವರು ಒಳಗೆ ಹೋಗುವ ಮುಂಚೆ ನಾದಿನಿ ಮೈಕಿನಲ್ಲಿ "ನೆನಪಿರಲಿ, ತಾಗಿದರೆ ಉರಿ" ಎನ್ನುತ್ತಿದ್ದಳು. ಅವರು ಮರುಮಾತಾಗಿ ಅದನ್ನೇ ಒಪ್ಪಿಸಬೇಕು. ಸೊಳ್ಳೆ ಎಂಬ ಅಡ್ಡಹೆಸರಿನ ಕವಾಟದ ಮೇಸ್ತ್ರಿ ಅವಸರದಲ್ಲಿ 'ತಾಗುರಿ' ಎಂದು ಮೊಟಕು ಮಾಡಿ ಒಪ್ಪಿಸತೊಡಗಿದ. ತಿಂಗಳೊಪ್ಪತ್ತಿನಲ್ಲಿ ಎಂಜಿನಿಯರುಗಳ ಬಾಯಲ್ಲೂ ಅದೇ ಮಾತು. ಈ ಸೊಳ್ಳೆ ಎಂಬಾತ ಬಾಗಿಲು ತುಂಬುವಂಥ ಆಳು. ಧ್ವನಿ ಮಾತ್ರ ಕಿವಿಯ ಬಳಿ ಗುಂಯ್‌ಗುಟ್ಟಿದಷ್ಟೇ. ಅದಕ್ಕೇ ಆ ಹೆಸರು.

ಇಷ್ಟೆಲ್ಲ ಜೋಪಾನವಾಗಿದ್ದ ಜಾಗದಲ್ಲಿ ಎಡವಟ್ಟು ಆದದ್ದು ಒಂದು ಮಾತಿನಿಂದ.

ಅವತ್ತು ಮೀನು ತುಂಬುವ ಕೆಲಸ ನಡೆದಿತ್ತು. ಒಳಗೆ ಸೊಳ್ಳೆ; ಬಾಗಿಲಲ್ಲಿ ಅವನ ಜೊತೆಗಾರ ನೀರಿನ ಕೊಳವೆ ಹಿಡಿದು ಸಿದ್ಧ. ಕ್ರಮ ಹೇಗೆಂದರೆ ಮೊದಲು ಮೀನು ತುಂಬಬೇಕು, ಮುಚ್ಚಬೇಕು, ತೊಳೆಯಬೇಕು, ಕೈಗವಸು ಬದಲಿಸಬೇಕು, ಆಮೇಲೆ ಎದುರು ಗೋಡೆಯ ಕೆಂಪಿನ ಕಡೆ ತಿರುಗಬೇಕು. ನಡುವೆ ಒಂದು ಕೀಲಿನಲ್ಲಿ ಮೀನು ಹನಿಯುತ್ತಿರುವುದು ಗಾಜಿನಾಚೆಯಿಂದ ಕಂಡಿತು. ಕೆಳಗಿನ ತಟ್ಟೆಯಲ್ಲಿ ನಾಲ್ಕಾರು ಹನಿ. ದೊಡ್ಡ ಎಂಜಿನಿಯರು, ಇವತ್ತಿಗೆ ಇಷ್ಟು ಸಾಕು, ಕೆಂಪಿನ ತಂಟೆಗೆ ಹೋಗುವುದು ಬೇಡ ಎಂದು ನಾದಿನಿಗೆ ಸನ್ನೆ ಮಾಡಿದರು.

ಅವಳು ಗುಂಡಿ ಒತ್ತಿ, ತನ್ನ ಗಂಟೆಯಂಥ ಧ್ವನಿಯಲ್ಲಿ, "ಕೆಂಪು ಬಿಡು," ಅಂದಳು.

ಸೊಳ್ಳೆ ಎದುರು ಗೋಡೆಗೆ ನಡೆದು ಕೆಂಪನ್ನು ಬಿಟ್ಟ. ಬಿಟ್ಟ ಎಂದರೆ, ಕವಾಟ ತಿರುಗಿಸಿ ಹೊರಕ್ಕೆ ಬಿಟ್ಟ.

ಅವನನ್ನು ಬೈಯುವ ಹಾಗಿಲ್ಲ. ಕೊಳವೆಯಲ್ಲಿ ಕಟ್ಟಿಕೊಂಡ ಕೆಂಪು ಆವಿಯನ್ನು ಆಗಾಗ ಚಿಮಣಿಗೆ ಸ್ವಲ್ಪ ಬಿಡುವುದು ಅಲ್ಲಿ ವಾಡಿಕೆಯೇ. ಅವತ್ತು ಚಿಮಣಿಯ ಬದಲು ಅದರ ಒಂದು ಎಳೆ ಕೋಣೆಯೊಳಕ್ಕೆ ಸೋರಿತು. ಬೆಕ್ಕು ನಡೆದ ಹಾಗೆ ನೆಲ ಸವರುತ್ತ ಬಂದು ತಟ್ಟೆಯನ್ನು ಮುಟ್ಟಿತು. ಭಗ್! ಮೊಣಕಾಲೆತ್ತರದ ಉರಿ ಎದ್ದಿತು. ಜೊತೆಗಾರ ನೀರು ತಿರುಗಿಸಿದ, ಆರಿಹೋಯಿತು. ಸೊಳ್ಳೆಯ ರಬ್ಬರಿನ ಕಾಲು ಸೀದು ಕಂದಾಗಿತ್ತು. ಒಳಗಿನ ಕಾಲಿಗೆ ಏನೂ ಆಗಿರಲಿಲ್ಲ. ಕಾಯುವವನು ಕಾದ. ಇದಕ್ಕಿಂತ ಬೇರೆ ಮಾತು ನನಗೆ ಗೊತ್ತಿಲ್ಲ.

ನಾದಿನಿ ಅವತ್ತು ಮನೆಗೆ ಬಂದವಳು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ನಡೆದುಬಂದಳು. ಅದರಿಂದಲೇ ನನಗೆ ಏನೋ ಆಗಿದೆ ಎಂದು ತಿಳಿಯಿತು. ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಅವಳಿಗೆ ಮಣೆ ಸರಿಸಿದೆ.

"ಅತ್ತಿಗೆ, 'ಬಿಡು' ಅಂದ್ರೆ ಏನು?"

"ಬಿಡು ಅಂದ್ರೆ... ಬಿಡೋದು."

"ನಲ್ಲಿ ಬಿಡು ಅಂದ್ರೆ?"

"ನೀರು ಬರೋ ಹಾಗೆ ತಿರುಗಿಸು ಅಂತ."

"ಆ ಮಾತು ಬಿಡು ಅಂದ್ರೆ?"

"ಆಡಬೇಡ ಅಂತ." ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ವಿಚಾರಣೆ ನಡೆಯಿತು. ಉದ್ದದ ಮೇಜು, ಮೂವರು ಹಿರಿಯರು, ನಡುವೆ ಅಧ್ಯಕ್ಷರು. ಮೈಕಿನ ಮಾತೆಲ್ಲ ಟೇಪಿನಲ್ಲಿ ದಾಖಲಾಗುತ್ತದೆ, ಅದನ್ನು ಹಾಕಿದರು. "ಕೆಂಪು ಬಿಡು." ಒಂದು ಅಕ್ಷರವೂ ಅಳಿಸಿರಲಿಲ್ಲ. ಮತ್ತೆ ಹಾಕಿದರು.

"ಸ್ಪಷ್ಟವಾಗಿದೆಯಲ್ಲ," ಅಂದರು ಎಡಗಡೆಯವರು. "ಕೆಂಪನ್ನ ಬಿಟ್ಟುಬಿಡು ಅಂತ."

"ಸ್ಪಷ್ಟವಾಗೇ ಇದೆ," ಅಂದರು ಬಲಗಡೆಯವರು. "ಕೆಂಪನ್ನ ಹರಿಯಬಿಡು ಅಂತ."

"ಅದು ಹೇಗ್ರೀ? ನಾಯಿ ಬಿಡು ಅಂದ್ರೆ ನಾಯಿ ಹರಿಯುತ್ತಾ?"

"ನಾಯಿ ಬಿಡು ಅಂದ್ರೆ ಸರಪಳಿ ಬಿಚ್ಚಿ ಛೂ ಬಿಡು ಅಂತಲೇ ಅರ್ಥ, ಸ್ವಾಮಿ!"

"ಸಿಗರೇಟು ಬಿಡು ಅಂತ ನನ್ನ ಹೆಂಡತಿ ದಿನಾ ಹೇಳ್ತಾಳೆ. ಅದಕ್ಕೇನಂತೀರಿ?"

"ನೀವು ಹೊಗೆ ಬಿಡ್ತಾನೇ ಇದ್ದೀರಲ್ಲ, ಹೇಳಿದ ಹಾಗೇ ಕೇಳ್ತಿದ್ದೀರಿ."

ಅಧ್ಯಕ್ಷರು ಮೇಜು ಕುಟ್ಟಿದರು. ಸೊಳ್ಳೆಯನ್ನು ಕೇಳಿದರೆ ಅವನು ನೆಲ ನೋಡುತ್ತ, "ಅಮ್ಮನ ಮಾತು ಸರಿ, ನನ್ನ ಕಿವೀನೂ ಸರಿ. ನಡುವೆ ಏನೋ ಆಯ್ತು," ಎಂದು ಗುಂಯ್‌ಗುಟ್ಟಿದ.

ಅಧ್ಯಕ್ಷರು ನ್ಯಾಯವಂತರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಆದರೆ ಮನುಷ್ಯರ ಮಾತಿಗೆ ಎರಡು ಮುಖ ಇರುವುದಾದರೆ ಮಾತೇ ಬೇಡ, ಕೆಂಪು ದೀಪ, ಹಸಿರು ದೀಪ, ಒಂದು ಬಜರ್, ಅಷ್ಟು ಸಾಕು ಎಂದರು. ನಾದಿನಿಯನ್ನು ಸಂದರ್ಶಕರ ಕೋಣೆಗೆ ಹಾಕುವುದು. ಸಂಬಳ ಅಷ್ಟೇ, ಕುರ್ಚಿ ಇನ್ನೂ ಮೆತ್ತಗಿನದು. ಬಂದವರಿಗೆ ನೀರು ಕೊಟ್ಟು "ಕೂತುಕೊಳ್ಳಿ" ಅನ್ನುವ ಕೆಲಸ.

ಅವಳಿಗೆ ಅದಕ್ಕಿಂತ ಜೈಲು ವಾಸಿ ಅನ್ನಿಸಿರಬೇಕು. ನನ್ನ ಮುಂದೆ ಅಷ್ಟು ಹೇಳಲಿಲ್ಲ, "ಆ ಅಂಗಿ ಒಳಗೆ ಕತ್ತಲೆ ಅತ್ತಿಗೆ, ಬಿಸಿ. ಒಬ್ಬೊಬ್ಬರು ಒಳಗೆ ನಿಂತಾಗ ಉಸಿರು ಹೇಗೆ ಬರುತ್ತೆ ಅಂತ ನನಗೆ ಕಿವೀಲಿ ಗೊತ್ತು. ಹೆದರಿದವರಿಗೆ ನಿಧಾನಕ್ಕೆ ಹೇಳ್ತೀನಿ, ಧೈರ್ಯದವರಿಗೆ ಬಿಗಿಯಾಗಿ ಹೇಳ್ತೀನಿ. ದೀಪ ಎಲ್ಲರಿಗೂ ಒಂದೇ ಥರ ಉರಿಯುತ್ತೆ," ಎಂದಳು. ಹೀಗೆಂದವಳು ಮಾರನೆಯ ದಿನ ಅಧ್ಯಕ್ಷರ ಬಾಗಿಲಿಗೇ ಹೋಗಿ ನಿಂತಳು. ಎರಡು ಮುಖವಿಲ್ಲದ ಮಾತುಗಳನ್ನು ಹುಡುಕಿ ತರುತ್ತೇನೆ, ಒಂದು ಅವಕಾಶ ಕೊಡಿ ಎಂದು ಕೇಳಿದಳು. ದೊಡ್ಡ ಎಂಜಿನಿಯರೂ ಅವಳ ಪರವಾಗಿ ನಾಲ್ಕು ಮಾತು ಸೇರಿಸಿದರು.

"ಸರಿ," ಅಂದರು ಅಧ್ಯಕ್ಷರು. "ಮುಂದಿನ ಭರ್ತಿ ನಿಮ್ಮ ಧ್ವನಿಯಲ್ಲೇ ಆಗಲಿ. ನಾನೇ ಬಂದು ಕೂರ್ತೀನಿ. ಆದರೆ ಕೇಳಿ, ಹೇಳೋದರಲ್ಲಿ, ಕೇಳೋದರಲ್ಲಿ ಒಂದೇ ಒಂದು ಗೊಂದಲ ಬಂದರೂ ಮಾರನೇ ದಿನ ಬಜರ್."

ಅಲ್ಲಿಂದ ನಮ್ಮ ಮನೆಯಲ್ಲಿ ಮಾತಾಡುವುದೇ ಕಷ್ಟವಾಯಿತು.

ನಾನು "ಬಾಗಿಲು ಹಾಕು" ಅಂದರೆ ಸಾಕು, "ಹಾಕು ಅಂದ್ರೆ ಮುಚ್ಚು ಅಂತಲಾ? ಮತ್ತೆ ಸ್ವಿಚ್ ಹಾಕು ಅಂದ್ರೆ ಯಾಕೆ ಹೊತ್ತಿಕೊಳ್ಳುತ್ತೆ?" ಎಂದು ತಡೆಯುತ್ತಿದ್ದಳು. 'ತೆಗೆ' ಎಂಬ ಮಾತನ್ನು ಒಂದು ಇಡೀ ಸಂಜೆ ಹಿಡಿದು ಹಿಂಡಿದಳು: ಬಾಗಿಲು ತೆಗೆದರೆ ಬಾಗಿಲು ಅಲ್ಲೇ ಇರುತ್ತದೆ, ಕಸ ತೆಗೆದರೆ ಕಸ ಇರುವುದಿಲ್ಲ. 'ಆರಿಸು' ಎಂದರೆ ಬೆಂಕಿ ನಂದಿಸುವುದೂ ಹೌದು, ಅಕ್ಕಿಯಲ್ಲಿ ಕಲ್ಲು ಹೆಕ್ಕುವುದೂ ಹೌದು. ನಮ್ಮವರು ಪೇಪರಿನ ಹಿಂದಿನಿಂದ, "ತಂಗೀ, ನೀನು ಹೀಗೇ ಮುಂದುವರಿದರೆ ನಾವೆಲ್ಲ ಮೂಕರಾಗ್ತೀವಿ. ಹೆಂಡತಿ ಬಾಯಿ ಮುಚ್ಚಿಸೋಕೆ ನನ್ನಿಂದ ಆಗದ್ದನ್ನ ನೀನು ಮಾಡಿದೆ," ಎಂದರು. ಅವರ ಪೇಪರನ್ನು ನಾನು ಕಿತ್ತುಕೊಂಡೆ.

ಮೊದಲು ಅವಳು ಪುಸ್ತಕದ ಮಾತುಗಳನ್ನು ಆರಿಸಿಕೊಂಡಳು. ಕೆಲಸದ ಬಿಡುವಿನಲ್ಲಿ ಸೊಳ್ಳೆಗೆ ಅಂಗಿ ತೊಡಿಸಿ ಖಾಲಿ ಕೋಣೆಯಲ್ಲಿ ನಿಲ್ಲಿಸಿ, "ಕವಾಟವನ್ನು ಉನ್ಮುಕ್ತಗೊಳಿಸು" ಎಂದಳಂತೆ. ಅವನು ನಕ್ಕು ನಕ್ಕು ಮುಖದ ಗಾಜಿಗೆ ಮಂಜು ಕವಿದು, ಏನೂ ಕಾಣದೆ ಗೋಡೆಗೆ ಹಾಯ್ದ. "ಅಮ್ಮ, ಇದನ್ನ ಕೇಳಿ ಮುಗಿಸೋ ಹೊತ್ತಿಗೆ ರಾಕೆಟ್ಟು ಹೋಗಿ ವಾಪಸ್ ಬಂದಿರುತ್ತೆ," ಎಂದ.

'ಬಂದ್' ಎಂದು ನೋಡಿದಳು. ಅವನು "ಬಂದೆ, ಬಂದೆ" ಎನ್ನುತ್ತ ಆಚೆಗೇ ನಡೆದುಬಂದ.

'ಮುಚ್ಚು' ಎಲ್ಲರಿಗೂ ಗೊತ್ತಿರುವ ಮಾತು, ಒಂದೇ ಮುಖದ್ದು. ಆದರೆ ಕರಕರ ಸದ್ದಿನ ನಡುವೆ ಅದು 'ಬಿಚ್ಚು' ಎಂದು ಕೇಳಿಸಬಾರದಲ್ಲ? ಇದನ್ನು ಪರೀಕ್ಷಿಸಿದ್ದು ನಮ್ಮತ್ತೆಯ ಮೇಲೆ. ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿ, ನಲ್ಲಿ ತಿರುಗಿಸಿ, ಮಿಕ್ಸಿ ಓಡಿಸಿ, ನಾದಿನಿ ಅಡುಗೆಮನೆಯಿಂದ ಒಂದೊಂದೇ ಮಾತು ಹೇಳುವುದು. ಅತ್ತೆ ಕೇಳಿಸಿದ ಹಾಗೆ ಡಬ್ಬಿಯ ಮುಚ್ಚಳವನ್ನು ಏನಾದರೂ ಮಾಡುವುದು. "ಮುಚ್ಚು" ಎಂದರೆ ಅತ್ತೆ ಒಮ್ಮೆ ಮುಚ್ಚಿದರು, ಒಮ್ಮೆ ಬಿಚ್ಚಿದರು, ಮೂರನೆಯ ಸಲ ಡಬ್ಬಿಯನ್ನೇ ತಳ್ಳಿ, "ನನಗೆ ಹುಚ್ಚು ಅಂತೀಯಾ? ನಿನಗೇ ಹುಚ್ಚು!" ಎಂದು ಎದ್ದುಹೋದರು. ನಾದಿನಿ 'ಬಿಚ್ಚು' ಎಂಬ ಮಾತನ್ನೇ ಕೇಂದ್ರದಿಂದ ಗಡೀಪಾರು ಮಾಡಿಸಿದಳು. ಕೀಲು ಬಿಚ್ಚುವುದಕ್ಕೆ 'ಸಡಿಲ' ಎಂದಾಯಿತು.

ಕೊನೆಗೆ ಉಳಿದವು 'ತೆರೆ' ಮತ್ತು 'ಮುಚ್ಚು'. ತಂಟೆಗೆ ಹೋಗಬೇಡ ಎನ್ನುವುದಕ್ಕೆ 'ಮುಟ್ಟಬೇಡ' ಎಂದಿಟ್ಟುಕೊಂಡಿದ್ದಳು. ಅದರ ಕುಂದನ್ನು ಕಂಡುಹಿಡಿದವರು ದೊಡ್ಡ ಎಂಜಿನಿಯರು. "ನಮ್ಮ ಮಾತಲ್ಲಿ 'ಬೇಡ' ಅನ್ನೋದು ಬಾಲದಲ್ಲಿ ಬರುತ್ತೆ. ಲೈನು ಕಡಿದು ಬಾಲ ಉದುರಿದರೆ ಉಳಿಯೋದು 'ಮುಟ್ಟ'. ಕೈ ಮುಂದಕ್ಕೆ ಹೋಗಿರುತ್ತೆ," ಎಂದರು. ಇವಳು ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಹಾಲು ಕಾಯಿಸುವಾಗ 'ದೂರ' ಎಂದಳು. ಕೆಂಪಿಗೆ ದೂರ. ಅರ್ಧ ಕೇಳಿಸಿದರೂ ಹಿಂದಕ್ಕೇ ಸರಿಯುವಂಥ ಮಾತು. ಹಾಲು ಉಕ್ಕಿತು, ಅವಳು ನೋಡಲಿಲ್ಲ, ನಾನೇ ಒಲೆ ಆರಿಸಿದೆ.

ಭರ್ತಿಯ ದಿನ ಬಂತು. ಹೊರಡುವ ಮುಂಚೆ ಅವಳು ಬಾಗಿಲ ಬಳಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ. ನಾನು ಬೇಡಿಕೊಂಡದ್ದು ಇಷ್ಟೇ, ಅವಳ ನಾಲಿಗೆಯ ಮೇಲೆ ಇವತ್ತು ನೀನೇ ಕೂತಿರು ಎಂದು.

ಅಲ್ಲಿ ನಡೆದದ್ದನ್ನು ಆಮೇಲೆ ಅವಳೂ ಹೇಳಿದಳು, ದೊಡ್ಡ ಎಂಜಿನಿಯರೂ ಒಮ್ಮೆ ನಮ್ಮನೆಗೆ ಬಂದಾಗ ಹೇಳಿದರು. ಇಬ್ಬರ ಮಾತೂ ಒಂದೇ ಇತ್ತು.

ಗಾಜಿನ ಹಿಂದೆ ಅಧ್ಯಕ್ಷರು ಕೈಕಟ್ಟಿ ಕೂತಿದ್ದರು. ಬಜರಿನ ಪೆಟ್ಟಿಗೆಯನ್ನು ಆಗಲೇ ತಂದು ಮೂಲೆಯಲ್ಲಿ ಇಟ್ಟಿದ್ದರು. ಒಳಗೆ ಹೊಸ ಕಾಲಿನ ಅಂಗಿಯಲ್ಲಿ ಸೊಳ್ಳೆ.

"ನೆನಪಿರಲಿ, ತಾಗಿದರೆ ಉರಿ."

"ತಾಗುರಿ," ಎಂದಿತು ಗುಂಯ್‌ಗುಡುವ ಧ್ವನಿ.

"ಮೀನು ತೆರೆ."

ಮೀನು ತೆರೆಯಿತು. ಅಳತೆಯ ಮುಳ್ಳು ಏರಿತು. ಎಲ್ಲೂ ಹನಿ ಇಲ್ಲ. ಅಧ್ಯಕ್ಷರ ಕೈ ಸ್ವಲ್ಪ ಸಡಿಲವಾಯಿತು. ತೊಟ್ಟಿ ತುಂಬುತ್ತ ಬಂದು, ಎಂಜಿನಿಯರು ಸನ್ನೆ ಮಾಡಿದರು.

"ಮೀನು ಮುಚ್ಚು."

"ಆಯ್ತು."

ಎಂಜಿನಿಯರು ಅಳತೆಯ ಮುಳ್ಳು ನೋಡಿದರು. ಅದು ಕೊನೆಯ ಗೆರೆಗೆ ಬಂದು ನಿಂತಿತ್ತು. ತುಂಬಿದ ಮೇಲೆ ಮುಚ್ಚಿದ್ದರೂ ಅಲ್ಲೇ, ಮುಚ್ಚದಿದ್ದರೂ ಅಲ್ಲೇ. ಸೊಳ್ಳೆಯ ಅಗಲವಾದ ಬೆನ್ನು ಕವಾಟವನ್ನು ಪೂರಾ ಮರೆಮಾಡಿತ್ತು. ಮುಂದಿನ ಹೆಜ್ಜೆಗೆ ಅವರು ಕೈ ಎತ್ತಿದರು. ಮೀನಿನ ಕೊಳವೆ ಸಡಿಲಿಸಿ ತೊಳೆಯುವುದು, ಆಮೇಲೆ ಕೆಂಪು.

ನಾದಿನಿಯ ಹೆಬ್ಬೆರಳು ಗುಂಡಿಯ ಮೇಲೆ ನಿಂತುಹೋಯಿತು.

ಹೇಳುವ ಮಾತನ್ನೆಲ್ಲ ಜರಡಿ ಹಿಡಿದು ಸೋಸಿದ್ದರು. ಮರುಮಾತನ್ನು ಸೋಸುವುದು ಅವಳಿಗೂ ಹೊಳೆದಿರಲಿಲ್ಲ, ಎಂಜಿನಿಯರಿಗೂ ಹೊಳೆದಿರಲಿಲ್ಲ. ನಮ್ಮವರನ್ನು ಅಂಗಡಿಗೆ ಹೋಗಿ ಬನ್ನಿ ಎಂದರೆ "ಆಯ್ತು" ಅನ್ನುತ್ತಾರೆ, ಹೋಗಿ ಬಂದ ಮೇಲೂ "ಆಯ್ತು" ಅನ್ನುತ್ತಾರೆ. ಮೊದಲನೆಯ ಆಯ್ತಿಗೂ ಎರಡನೆಯ ಆಯ್ತಿಗೂ ನಡುವೆ ಎಷ್ಟೋ ಸಲ ಒಂದು ದಿನ ಕಳೆದಿರುತ್ತದೆ.

ಕೇಳಿದರೆ ಅದೇ ಗೊಂದಲವಾಗುತ್ತದೆ, ಮಾರನೆಯ ದಿನ ಬಜರ್. ಅಧ್ಯಕ್ಷರು ಎರಡು ಮೊಳ ದೂರದಲ್ಲಿ ಕೂತಿದ್ದಾರೆ. ಸುಮ್ಮನೆ ಮುಂದುವರಿದರೆ ಸೊಳ್ಳೆ ಮುಚ್ಚಿಯೇ ಇರಬಹುದು, ಹತ್ತಕ್ಕೆ ಒಂಬತ್ತು ಸಲ ಮುಚ್ಚಿಯೇ ಇರುತ್ತಾನೆ. ಭರ್ತಿ ಚೊಕ್ಕವಾಗಿ ಮುಗಿದು ಮೈಕು ಅವಳದಾಗುತ್ತದೆ. "ಅಷ್ಟನ್ನೂ ಯೋಚಿಸಿದೆ ಅತ್ತಿಗೆ, ಸುಳ್ಳು ಹೇಳೋದಿಲ್ಲ," ಎಂದಳು. ಯೋಚಿಸುತ್ತಿರುವಾಗಲೇ ಅವನ ಉಸಿರು ಕೇಳಿಸಿತಂತೆ. ಕೆಲಸ ಮುಗಿಸಿ ನಿಂತವನ ಉಸಿರೋ, ಇನ್ನೂ ತಿಣುಕುತ್ತಿರುವವನ ಉಸಿರೋ ಎಂದು ಕಿವಿಗೊಟ್ಟಳು. ಗೊತ್ತಾಗಲಿಲ್ಲ. ಗೊತ್ತಾಗದಿದ್ದಾಗ ಕೇಳುವುದೊಂದೇ ದಾರಿ.

ಗುಂಡಿ ಒತ್ತಿದಳು. "ಆಯ್ತು ಅಂದ್ರೆ, ಏನಾಯ್ತು?"

ಅಧ್ಯಕ್ಷರು ತಲೆ ಎತ್ತಿದರು.

"ಆಯ್ತು ಅಂದ್ರೆ ಆಯ್ತಮ್ಮ, ಮುಚ್ತೀನಿ ಅಂತ," ಎಂದ ಸೊಳ್ಳೆ, ಏದುಸಿರಿನ ನಡುವೆ. "ಹಿಡಿ ಬಿಗಿಯಾಗಿದೆ. ತಿರುಗ್ತಾ ಇಲ್ಲ. ತಿರುಗಿಸ್ತಾ ಇದೀನಿ."

ಎಂಜಿನಿಯರ ಎತ್ತಿದ ಕೈ ಹಾಗೇ ಮೆಲ್ಲಗೆ ಕೆಳಗಿಳಿಯಿತು. ಅವರ ಮುಖದಲ್ಲಿ ರಕ್ತವಿರಲಿಲ್ಲ ಎಂದು ನಾದಿನಿ ಹೇಳುತ್ತಾಳೆ. ಅವಳ ಮುಖದಲ್ಲಿ ಇರಲಿಲ್ಲ ಎಂದು ಅವರು ಹೇಳುತ್ತಾರೆ. ಮುಚ್ಚದ ಮೀನಿನ ಕೊಳವೆಯನ್ನು ಸಡಿಲಿಸಿದ್ದರೆ ತಟ್ಟೆಗೆ ಬೀಳುತ್ತಿದ್ದದ್ದು ನಾಲ್ಕಾರು ಹನಿಯಲ್ಲ.

"ನಿಧಾನ," ಎಂದಳು ಮೈಕಿನಲ್ಲಿ. "ಎರಡೂ ಕೈ ಹಾಕಿ ತಿರುಗಿಸು. ಅವಸರ ಇಲ್ಲ. ಮುಚ್ಚಿದ ಮೇಲೆ 'ಮುಚ್ಚಿದೆ' ಅನ್ನು. ಆಯ್ತು ಅನ್ನಬೇಡ."

"ಆಯ್ತು."

"ಅಯ್ಯೋ ನಿನ್ನ!"

"ತಪ್ಪಾಯ್ತು, ತಪ್ಪಾಯ್ತು... ಹ್ಞಾ, ಬಂತು, ಬಂತು. ಮುಚ್ಚಿದೆ!"

ಮಿಕ್ಕದ್ದೆಲ್ಲ ಸಲೀಸಾಗಿ ನಡೆಯಿತು. ಕೊಳವೆ ಸಡಿಲಿಸಿದ, ತೊಳೆದ, ಕೈಗವಸು ಬದಲಿಸಿದ. ಕೆಂಪು ತೆರೆದ, ತುಂಬಿತು, ಮುಚ್ಚಿದ. ಪ್ರತಿಯೊಂದಕ್ಕೂ ಮಾಡಿದ ಮೇಲೆ ಮಾಡಿದೆ ಎಂದ. ಮುಗಿದ ಮೇಲೆ ಅಂಗಿ ಕಳಚಿ, ತಲೆಯ ಮೇಲೆ ನೀರು ಸುರಿದುಕೊಂಡವನ ಹಾಗೆ ಬೆವರುತ್ತ ಗಾಜಿನ ಕೋಣೆಗೆ ಬಂದು ಬಾಗಿಲು ತುಂಬ ನಿಂತ.

"ನೀವು ಹೇಳಿದ ಹಾಗೆ ಆಗಲಿಲ್ಲ," ಎಂದರು ಅಧ್ಯಕ್ಷರು ನಾದಿನಿಗೆ. ಗದರಿಸುವ ಧ್ವನಿಯಲ್ಲ, ಲೆಕ್ಕ ಒಪ್ಪಿಸುವ ಧ್ವನಿ. "ಗೊಂದಲ ಬಂತು. ಇಷ್ಟು ಸೋಸಿದ ಮೇಲೂ ಬಂತು."

"ಬಂತು," ಎಂದಳು ನಾದಿನಿ. ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಸಂದರ್ಶಕರ ಕೋಣೆಯಲ್ಲಿ ನೀರಿಗೆ ಬರವಿಲ್ಲ ಎಂದು ಆಗ ಅನ್ನಿಸಿತಂತೆ.

"ಸ್ವಾಮಿ, ತಪ್ಪು ನಂದು," ಎಂದ ಸೊಳ್ಳೆ. "ಮನೇಲಿ ಹೆಂಡ್ತಿ ಏನೇ ಹೇಳಲಿ, ಆಯ್ತು ಅಂದ್ಬಿಡೋದು ನನ್ನ ಅಭ್ಯಾಸ. ಅದೇ ಬಾಯಿಗೆ ಬಂದ್ಬಿಡ್ತು."

"ಯಾರ ತಪ್ಪು ಅನ್ನೋದಲ್ಲಪ್ಪ. ಬಜರ್ ಇದ್ದರೆ ಈ ರಗಳೆಯೇ ಇಲ್ಲವಲ್ಲ?"

"ಇರ್ತಿರಲಿಲ್ಲ. ಬಜರ್ ಹೊಡೀತಿತ್ತು, ನಾನೂ ಆಯ್ತು ಅಂತ ಒಂದು ಗುಂಡಿ ಒತ್ತಿರ್ತಿದ್ದೆ, ನೀವು ಮುಂದಿನ ಬಜರ್ ಹೊಡೀತಿದ್ರಿ." ಅವನ ಸಣ್ಣ ಧ್ವನಿ ಇನ್ನೂ ಸಣ್ಣಗಾಯಿತು. "ಏನಾಯ್ತು ಅಂತ ಅದು ಕೇಳ್ತಿತ್ತಾ, ಸ್ವಾಮಿ?"

ಅಧ್ಯಕ್ಷರು ಮೂಲೆಯ ಪೆಟ್ಟಿಗೆಯತ್ತ ತಿರುಗಿ ನೋಡಿದರು. ಆಮೇಲೆ ದೀಪಗಳು ಇರಲಿ, ಧ್ವನಿಯ ಜೊತೆಗೆ ಅದೂ ಒಂದು ಸಾಕ್ಷಿ ಎಂದರು. ಬಜರನ್ನು ಊಟದ ಮನೆಗೆ ಕಳಿಸಿದರು, ಊಟದ ಹೊತ್ತಾಯಿತೆಂದು ತಿಳಿಸಲು. ಆಯ್ತು ಎಂಬ ಮಾತಿಗೆ ಆ ಕೋಣೆಯಲ್ಲಿ ಇನ್ನು ಪ್ರವೇಶವಿಲ್ಲ ಎಂದು ಆಜ್ಞೆ ಮಾಡಿದರು. ನಾದಿನಿಗೆ, "ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?" ಎಂದಷ್ಟೇ ಕೇಳಿದರು.

ಅವಳು ಸಂಜೆ ಮನೆಗೆ ಬಂದಾಗ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದಳು. ನಾನು ಮುಖ ನೋಡಿಯೇ ತಿಳಿದುಕೊಂಡು, ಮನಸ್ಸಿನಲ್ಲೇ ಕೈ ಮುಗಿದೆ. ನಮ್ಮವರು ಪೇಪರು ಮಡಿಸಿಟ್ಟರು. ಅತ್ತೆ ಮಾತ್ರ ಕುರ್ಚಿಯಿಂದ ಕತ್ತು ಚಾಚಿ, "ಏನಂತೆ?" ಎಂದು ಊರಿಗೆ ಕೇಳುವಂತೆ ಕೇಳಿದರು.

ದಿನವಿಡೀ ಅಕ್ಷರ ತೊಳೆದು ತೊಳೆದು ನಾದಿನಿಯ ಗಂಟಲು ಕಟ್ಟಿಹೋಗಿತ್ತು. "ಮೈಕು ಉಳೀತಮ್ಮ," ಎಂದಳು, ಗಾಳಿಯಂಥ ಧ್ವನಿಯಲ್ಲಿ.

"ಕೈ ಉಳುಕ್ತಾ? ಎಷ್ಟು ಸಲ ಹೇಳಿದೀನಿ, ಭಾರ ಎತ್ತಬೇಡ ಅಂತ!" ಅತ್ತೆ ಆಗಲೇ ಎದ್ದು ಎಣ್ಣೆಯ ಶೀಶೆ ಹುಡುಕುತ್ತಿದ್ದರು. "ಯಾವ ಕೈ? ಇಲ್ಲಿ ಕೊಡು."

ನಾವು ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದಳು. ತಾಯಿಯ ಮುಂದೆ ನೆಲದ ಮೇಲೆ ಕೂತು ಬಲಗೈ ಮುಂದೆ ಮಾಡಿದಳು. ಅತ್ತೆ ಹೆಬ್ಬೆರಳಿನಿಂದ ಹಿಡಿದು ಮೊಣಕೈವರೆಗೆ ಚೆನ್ನಾಗಿ ತಿಕ್ಕಿದರು. "ಇಲ್ಲಿ ನೋವಾ?" ಎಂದರೆ ಅವಳು ಹ್ಞೂಂ ಎಂದಳು, "ಇಲ್ಲಿ?" ಎಂದರೂ ಹ್ಞೂಂ ಎಂದಳು. ತಿಕ್ಕಿ ಮುಗಿಯುವ ಹೊತ್ತಿಗೆ ಕೂತಲ್ಲೇ ನಿದ್ದೆ ಹೋಗಿದ್ದಳು.